ಒಂಬತ್ತು ಮೆಟ್ಟಿಲಿನ ಹೆರಿಗೆ

ಮೊದಲು ಹೋದದ್ದು ತೊಟ್ಟಿಲುಗಳು. ಹನ್ನೆರಡು ತೊಟ್ಟಿಲಿನ ಹೆರಿಗೆ ವಾರ್ಡಿನಲ್ಲಿ ಎಂಟು ಸದಾ ಖಾಲಿ ಬೀಳತೊಡಗಿದಾಗ ಆ ಎಂಟನ್ನು ಉಗ್ರಾಣಕ್ಕೆ ಸಾಗಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಉಳಿದ ನಾಲ್ಕೂ ಅದೇ ದಾರಿ ಹಿಡಿದವು. ಹೆರುವವರು ಬೆರಳೆಣಿಕೆಯಷ್ಟು, ಎಂಬತ್ತು ದಾಟಿದವರು ಬೀದಿಗೆ ಹತ್ತು ಮಂದಿ. ಬಿದ್ದು ಸೊಂಟ ಮುರಿದುಕೊಂಡವರಿಗೆ ಮಂಚ ಸಾಲದೆ ಮೊಗಸಾಲೆಯಲ್ಲಿ ಮಲಗಿಸುವ ಕಾಲ ಬಂತು. ಆಗ ಆರೋಗ್ಯ ಇಲಾಖೆಯಿಂದ ಒಂದು ಕಾಗದ ಬಂದು, ಬಾಗಿಲ ಮೇಲಿನ ಫಲಕ ಬದಲಾಗಿ, ಹೆರಿಗೆ ವಾರ್ಡು ಹಿರಿಯರ ವಾರ್ಡಾಯಿತು. ಮಂಚಗಳಿಗೆ ಎರಡೂ ಬದಿ ಕಂಬಿ ಬಂತು. ಬದಲಾಗದೆ ಉಳಿದವರೆಂದರೆ ಅಲ್ಲಿನ ಸೂಲಗಿತ್ತಿ ನರ್ಸುಗಳು.

ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಕಿರಿಯಳನ್ನು ಚಿಕ್ಕಕ್ಕ. ದೊಡ್ಡಕ್ಕ ಮೂವತ್ತೊಂದು ವರ್ಷ ಅದೇ ವಾರ್ಡಿನಲ್ಲಿ ನಿಂತು ಊರಿನ ಅರ್ಧ ಜನವನ್ನು ಮೊದಲ ಉಸಿರಿಗೆ ಕಂಡವಳು. ಬೆಳಿಗ್ಗೆ ಬಂದೊಡನೆ ಮೊಣಕೈವರೆಗೆ ತೊಳೆದು, ಒದ್ದೆ ಕೈಗಳನ್ನು ಹಾಗೆಯೇ ಜೋಡಿಸಿ, ಕಣ್ಣು ಮುಚ್ಚಿ, "ಕೈ ನನ್ನದು, ಕೆಲಸ ನಿನ್ನದು" ಎಂದು ಒಂದು ಗಳಿಗೆ ನಿಲ್ಲುವುದು ಅವಳ ರೂಢಿ. ದೇವರೊಡನೆ ಅವಳ ಮಾತುಕತೆ ದಿನಕ್ಕೆ ಅಷ್ಟೇ. ಉಳಿದ ಹೊತ್ತೆಲ್ಲ ದುಡಿಮೆ.

ಹೊಸ ಕೆಲಸ ಅವಳಿಗೆ ಕಷ್ಟ ಅನಿಸಲೇ ಇಲ್ಲ. ಎಡವಟ್ಟು ಶುರುವಾದದ್ದು ಅಲ್ಲಿಯೇ. ನಡುಗುವ ಕತ್ತು, ಹಲ್ಲಿಲ್ಲದ ಬಾಯಿ, ಒದ್ದೆಯಾಗುವ ಬಟ್ಟೆ, ಇವೆಲ್ಲ ಅವಳಿಗೆ ಗೊತ್ತಿಲ್ಲದ ಸಂಗತಿಗಳೇ? ಹಾಲಿನಲ್ಲಿ ಬ್ರೆಡ್ಡು ಕಿವುಚಿ ಚಮಚದಲ್ಲಿ ಬಾಯಿಗಿಟ್ಟಳು. ಬಿಸಿನೀರಿನ ಬಟ್ಟೆಯಿಂದ ಮೈ ಒರೆಸಿ, ಪುಡಿ ಹಾಕಿ, ಹೊದಿಕೆಯನ್ನು ನಾಲ್ಕೂ ಕಡೆ ಒತ್ತಿ ಸಿಕ್ಕಿಸಿದಳು. "ಮರಿ, ಬಾಯಿ ತೆಗಿ," "ಪುಟ್ಟಾ, ಒಂದೇ ಒಂದು ತುತ್ತು" ಎಂದಳು. ಕೂಸುಗಳ ತೂಕ ಬರೆಯುತ್ತಿದ್ದ ಹಲಗೆಯಲ್ಲಿ ಈಗ ಮುದುಕರ ತೂಕ ಬರೆದಳು. ಒಬ್ಬರಿಗೆ ಇನ್ನೂರು ಗ್ರಾಂ ಏರಿದರೆ ಅಂದು ವಾರ್ಡಿಗೆಲ್ಲ ಸಂಭ್ರಮ. ಯಾರೂ ಬೀಳಲಿಲ್ಲ, ಯಾರ ಬೆನ್ನಲ್ಲೂ ಹುಣ್ಣೇಳಲಿಲ್ಲ. ಕೈಕಾಲಿನ ವ್ಯಾಯಾಮ ಕಲಿಸುವ ಮೇಷ್ಟ್ರು ಐದು ಆಸ್ಪತ್ರೆಗಳಿಗೆ ಒಬ್ಬರೇ ಆದದ್ದರಿಂದ ವಾರಕ್ಕೊಮ್ಮೆ ಬಂದು, "ದಿನಕ್ಕೆ ಮೂರು ಸಲ ಎಬ್ಬಿಸಿ ನಿಲ್ಲಿಸಿ" ಎಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ ಹೋಗುತ್ತಿದ್ದರು. ದೊಡ್ಡಕ್ಕ ಆ ಕಾಗದ ನೋಡಿ ತುಟಿ ಕಚ್ಚುತ್ತಿದ್ದಳು. "ಗಂಡಸರಿಗೇನು ಗೊತ್ತು? ಪಾಪ, ಹೂವಿನಂಥ ಜೀವಗಳು. ಎಬ್ಬಿಸಿ ಸಾಯಿಸಬೇಕಂತೆ!"

ಹೀಗಿರುವಾಗ ಬಂದವರು ಡ್ರೈವರು. ನಲವತ್ತು ವರ್ಷ ರೈಲು ಓಡಿಸಿ ನಿವೃತ್ತರಾದ, ಎಂಬತ್ತೆರಡು ವರ್ಷದ, ಎತ್ತರದ ಆಳು. ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯವರು ಒಳಗೆ ಲೋಹದ ಕಡ್ಡಿ ಹಾಕಿ, ಮೂಳೆ ಗಟ್ಟಿಯಾಗಿದೆ, ಇನ್ನು ಇವರನ್ನು ನಡೆಸುವುದಷ್ಟೇ ಬಾಕಿ ಎಂದು ಬರೆದು ಈ ವಾರ್ಡಿಗೆ ಕಳಿಸಿದ್ದರು. ಮೊದಲ ದಿನ ಅವರು ಚಮಚ ಕಂಡು ಮುಖ ತಿರುಗಿಸಿದರು.

"ನಂಗೆ ಕೈಯಿದೆ ತಾಯಿ."

"ಇದೆ ಪುಟ್ಟಾ, ನಡುಗ್ತಿದೆಯಲ್ಲ. ಚೆಲ್ಲಿಬಿಡ್ತೀರಿ. ಆ ಅನ್ನಿ."

ಮೂರು ದಿನ ಜಗಳವಾಡಿದರು. ನಾಲ್ಕನೆಯ ದಿನ "ಆ" ಅಂದರು. ವಾರದಲ್ಲಿ ಅವರು ಎಷ್ಟು ಒಳ್ಳೆಯ ಕೂಸಾದರೆಂದರೆ, ಚಮಚ ಬಾರದಿದ್ದರೆ ಬಾಯಿ ತೆರೆದೇ ಕಾಯುತ್ತಿದ್ದರು. ಹಲಗೆಯಲ್ಲಿ ತೂಕ ಒಂದೂವರೆ ಕಿಲೋ ಏರಿತು. ದೊಡ್ಡಕ್ಕ ಹಿಗ್ಗಿದಳು.

ಇಲಾಖೆಗೆ ಒಂದು ನಿಯಮವಿತ್ತು. ಇಪ್ಪತ್ತೆಂಟನೆಯ ದಿನ ಒಬ್ಬ ಪರೀಕ್ಷಕಿ ಬರುತ್ತಾಳೆ. ರೋಗಿ ಯಾರ ಕೈಯೂ ತಾಗದೆ ಕುರ್ಚಿಯಿಂದ ಏಳಬೇಕು, ಶೌಚಾಲಯದವರೆಗೆ ಹೋಗಿಬರಬೇಕು, ಮೊಗಸಾಲೆಯ ಕೊನೆಯಲ್ಲಿರುವ ಒಂಬತ್ತು ಮೆಟ್ಟಿಲು ಹತ್ತಿ ಇಳಿಯಬೇಕು. ಇಷ್ಟೂ ಆದರೆ ಮನೆಗೆ; ಆಗದಿದ್ದರೆ ಬಸ್ಸಿನಲ್ಲಿ ಮೂರು ಗಂಟೆ ದೂರದ ದೀರ್ಘಾವಧಿ ಆರೈಕೆ ಕೇಂದ್ರಕ್ಕೆ. ಅಲ್ಲಿಗೆ ಹೋದವರು ಹಿಂದಿರುಗಿದ್ದನ್ನು ಈ ಊರಲ್ಲಿ ಯಾರೂ ಕಂಡಿರಲಿಲ್ಲ.

ಹನ್ನೆರಡನೆಯ ದಿನ ಡ್ರೈವರ ಹೆಂಡತಿ ಬಂದರು. ಅವರಿಗೆ ಎಂಬತ್ತು. ಎರಡೂ ಮಂಡಿ ಹಿಡಿದುಕೊಂಡಿದ್ದವು. ಮಹಡಿಯ ಮನೆಯ ಹದಿನೆಂಟು ಮೆಟ್ಟಿಲು ಇಳಿಯಲು ಮುಕ್ಕಾಲು ಗಂಟೆ ಬೇಕಾಗಿತ್ತಂತೆ. ಪಕ್ಕದ ಮನೆಯಾಕೆಯ ತೋಳು ಹಿಡಿದು ವಾರ್ಡಿಗೆ ಕಾಲಿಟ್ಟಾಗ, ದೊಡ್ಡಕ್ಕ ಡ್ರೈವರ ಕೊರಳಿಗೆ ಬಟ್ಟೆ ಕಟ್ಟಿ ಊಟ ಮಾಡಿಸುತ್ತಿದ್ದಳು. ಮುದುಕಿ ಮಂಚದ ಬುಡದಲ್ಲಿ ನಿಂತರು. ಗಂಡನ ಬಾಯಿ ತೆರೆಯುವುದನ್ನೂ ಮುಚ್ಚುವುದನ್ನೂ ನೋಡಿದರು.

"ಏನ್ರೀ," ಎಂದರು ಕೊನೆಗೆ, "ಮದುವೆ ದಿನ ನಾನು ಒಂದು ತುತ್ತು ಬಾಯಿಗಿಡೋಕೆ ಬಂದ್ರೆ 'ಜನ ನೋಡ್ತಾರೆ' ಅಂತ ಓಡಿಹೋಗಿದ್ರಿ. ಈಗ ನೋಡಿದ್ರೆ ಗೂಡಲ್ಲಿರೋ ಗುಬ್ಬಿ ಮರಿ ಥರ ಕೂತಿದೀರಿ."

ಡ್ರೈವರು ನಾಚಲೂ ಇಲ್ಲ, ನಗಲೂ ಇಲ್ಲ. ಚಮಚದ ಕಡೆ ನೋಡಿದರು.

"ತುಂಬ ಒಳ್ಳೆಯವರು ಅಜ್ಜಿ, ಹಟ ಅನ್ನೋದೇ ಇಲ್ಲ," ಎಂದಳು ದೊಡ್ಡಕ್ಕ ಹೆಮ್ಮೆಯಿಂದ. "ಒಂದೂವರೆ ಕಿಲೋ ಏರಿದಾರೆ."

ಮುದುಕಿ ಹೊದಿಕೆ ಸರಿಸಿ ಗಂಡನ ತೊಡೆಯನ್ನು ಎರಡು ಬೆರಳಲ್ಲಿ ಹಿಡಿದರು. ಚರ್ಮ ಖಾಲಿ ಚೀಲದಂತೆ ಬೆರಳಿಗೆ ಬಂತು.

"ಏರಿದ್ದೆಲ್ಲ ಹೊಟ್ಟೆಗೆ ಹೋಗಿದೆ ಮಗಳೇ. ಕಾಲೆಲ್ಲಿ?" ಎಂದರು. ದನಿ ಏರಿರಲಿಲ್ಲ. "ನೋಡವ್ವ, ನೀನು ಪ್ರೀತಿಯಿಂದ ನೋಡ್ಕೊಂಡಿದೀಯ, ದೇವರು ನಿನ್ನ ಚೆನ್ನಾಗಿಟ್ಟಿರ್ಲಿ. ಆದ್ರೆ ಇವರ ಅಮ್ಮ ತೀರಿಹೋಗಿ ಐವತ್ತು ವರ್ಷ ಆಯ್ತು. ಅವರ ಜಾಗ ಯಾರೂ ತುಂಬೋದು ಬೇಡ. ನಾನು ಇಲ್ಲಿ ಗಂಡನ್ನ ಬಿಟ್ಟುಹೋಗಿದ್ದೆ. ಕೂಸನ್ನ ಕೊಟ್ಟು ಕಳಿಸಿದ್ರೆ ಈ ಮಂಡಿ ಇಟ್ಕೊಂಡು ಎತ್ಕೊಳ್ಳೋದು ಹೆಂಗೆ? ಆ ದೂರದ ಕೇಂದ್ರಕ್ಕೆ ಹಾಕಿದ್ರೆ ನೋಡೋಕಾದ್ರೂ ಹೋಗೋದು ಹೆಂಗೆ?"

ಹೇಳಿ, ಕುರ್ಚಿ ಹಿಡಿದು ಕುಳಿತು, ಗಂಡನ ಕೈ ಹಿಡಿದು ಒಂದು ಗಂಟೆ ಇದ್ದು ಹೋದರು.

ಆ ಮಧ್ಯಾಹ್ನ ದೊಡ್ಡಕ್ಕ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲೊಂದು ಮೋಟು ಮುಕ್ಕಾಲಿಯಿತ್ತು. ಹೆರಿಗೆಯ ಕಾಲದಲ್ಲಿ ಅವಳು ತಾಯಂದಿರ ಪಕ್ಕ ಹಾಕಿಕೊಳ್ಳುತ್ತಿದ್ದ ಮುಕ್ಕಾಲಿ. ಅದರ ಮೇಲೆ ಕುಳಿತಳು. ಎಷ್ಟೋ ಹೆಂಗಸರು ಅವಳ ಮುಂಗೈ ಹಿಡಿದು, "ಅಕ್ಕಾ, ನನ್ ಕೈಲಿ ಆಗಲ್ಲ, ನೀವೇ ಏನಾದ್ರೂ ಮಾಡಿ" ಎಂದು ಅತ್ತಿದ್ದರು. ಅವರಲ್ಲಿ ಒಬ್ಬಳ ಬದಲಿಗಾದರೂ ತಾನು ತಿಣುಕಿದ್ದುಂಟೇ? "ಆಗುತ್ತೆ. ಕೆಲಸ ನಿನ್ನದು, ನಾನು ಪಕ್ಕದಲ್ಲೇ ಇದೀನಿ" ಎನ್ನುತ್ತಿದ್ದಳು. ಅವರನ್ನು ಎಬ್ಬಿಸಿ, ಈ ಮೊಗಸಾಲೆಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಸುತ್ತಿದ್ದಳು. ನೋವಿನಲ್ಲಿ ನಡೆಸುತ್ತಿದ್ದಳು. ಆಗ ಯಾರೂ ಅವಳನ್ನು ನಿರ್ದಯಿ ಅನ್ನಲಿಲ್ಲ.

ಆ ವಾರ್ಡಿನಲ್ಲಿ ಯಾವತ್ತೂ ಇದ್ದದ್ದು ಎರಡು ಬಗೆಯ ಜನ. ಶ್ರಮಪಡುವವಳು ಮಂಚದ ಮೇಲೆ, ಶ್ರಮದಿಂದ ಬಂದದ್ದು ತೊಟ್ಟಿಲಲ್ಲಿ. ಮುದುಕರ ಮೆತ್ತಗಿನ ಮೈ ಕಂಡು ಅವಳು ಅವರನ್ನು ತೊಟ್ಟಿಲಿಗೆ ಸೇರಿಸಿಬಿಟ್ಟಿದ್ದಳು. ಅವರು ಬಂದಿದ್ದದ್ದು ಮಂಚಕ್ಕೆ. ದೊಡ್ಡ ಕೆಲಸವೊಂದನ್ನು ಮಾಡಿ ಮುಗಿಸಲು ಬಂದಿದ್ದರು.

"ತಪ್ಪಾಯ್ತು ತಂದೆ," ಎಂದಳು ದೊಡ್ಡಕ್ಕ ಗಟ್ಟಿಯಾಗಿ. "ಕೈ ನಂದು ಅಂತ ಹೇಳಿ ಹೇಳಿ ಅವರ ಕೈಕಾಲು ಮರೆತೇಬಿಟ್ಟೆ." ಒಂದಿಷ್ಟು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಎದ್ದು ಬಾಗಿಲು ತೆರೆದಳು.

ಮರುದಿನ ಬೆಳಿಗ್ಗೆ ವಾರ್ಡಿನ ಡಾಕ್ಟರು ಬಂದಾಗ ಮೊಗಸಾಲೆಯ ಉದ್ದಕ್ಕೂ ಧಡಧಡ ಸದ್ದು. ಗೋಡೆಗೆ ಆನಿಸಿದ್ದ ಉಕ್ಕಿನ ಬೀರುಗಳನ್ನು ದೊಡ್ಡಕ್ಕ, ಚಿಕ್ಕಕ್ಕ, ಕಸಗುಡಿಸುವಾತ ಸೇರಿ ಎಳೆಯುತ್ತಿದ್ದರು. ಹಿಂದಿನಿಂದ ಸೊಂಟದೆತ್ತರದ ಒಂದು ಮರದ ಹಿಡಿಗಂಬಿ ಹೊರಬಂತು. ತಾಯಂದಿರು ನೋವು ತಿನ್ನುತ್ತ ಹಿಡಿದು ನಡೆದು ಅದು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ವಾರ್ಡು ಬದಲಾದಾಗ ಇನ್ನು ಇದೇಕೆ ಎಂದು ಅದಕ್ಕೆ ಅಡ್ಡವಾಗಿ ಬೀರು ಇಟ್ಟವಳು ದೊಡ್ಡಕ್ಕನೇ.

"ಇದೇನು ದೊಡ್ಡಕ್ಕ?" ಎಂದರು ಡಾಕ್ಟರು.

"ಡ್ರೈವರು ನಡೀತಾರೆ. ಇವತ್ತಿಂದ."

"ಹನ್ನೆರಡು ದಿನ ಮಲಗಿದವರು. ಬಿದ್ದು ಮತ್ತೆ ಮುರಿದುಕೊಂಡ್ರೆ?"

"ಬೀಳಬಹುದು. ಮಲಗೇ ಇದ್ರೆ ಮುರಿಯೋದು ಖಂಡಿತ, ಅವರೂ ಅವರ ಹೆಂಡ್ತೀನೂ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಇದಕ್ಕೆ ನಾನು ಹೂಂ ಅನ್ನಬೇಕು ಅಂದ್ರೆ..."

"ಡಾಕ್ಟ್ರೇ, ನೀವು ಇದೇ ವಾರ್ಡಲ್ಲಿ ಹುಟ್ಟಿದ್ದು. ಹುಟ್ಟಿ ಅಳಲೇ ಇಲ್ಲ, ಸುಮ್ನೆ ಕಣ್ಣು ಬಿಡ್ತಾ ಇದ್ರಿ. ಆಗ ನಾನು ನಿಮ್ಮ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಎರಡು ಬಾರಿಸಿದೆ. ಅವತ್ತು ನಿಮ್ಮ ಅಪ್ಪಣೆ ಕೇಳಿರಲಿಲ್ಲ."

ಚಿಕ್ಕಕ್ಕ ಬೀರುವಿನ ಹಿಂದೆ ಮುಖ ಮರೆಸಿಕೊಂಡು ನಕ್ಕಳು. ಡಾಕ್ಟರು ಕನ್ನಡಕ ಹಾಕಿಕೊಂಡರು. "ಒಬ್ಬರು ಮುಂದೆ, ಒಬ್ಬರು ಹಿಂದೆ ಇರಬೇಕು. ಹಿಂದೆಯೇ ಗಾಲಿಕುರ್ಚಿ," ಎಂದು ಬರೆದು ಸಹಿ ಹಾಕಿದರು.

ಡ್ರೈವರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಅಂದು ತಿಂಡಿಯ ತಟ್ಟೆ ಎದುರಿಗೆ ಬಂತು, ಚಮಚ ಕೈಗೆ ಬಂತು, ಬಾಯಿಗೆ ಮಾತ್ರ ಯಾರೂ ತರಲಿಲ್ಲ. ಅವರು ಬಾಯಿ ತೆರೆದು ಕಾದರು.

"ತಿನ್ನಿ ಡ್ರೈವರ್ರೇ," ಎಂದಳು ದೊಡ್ಡಕ್ಕ. ಅಂದಿನಿಂದ ಪುಟ್ಟನೂ ಇಲ್ಲ, ಮರಿಯೂ ಇಲ್ಲ.

"ಚೆಲ್ಲುತ್ತೆ."

"ಚೆಲ್ಲಲಿ. ಬಟ್ಟೆ ಒಗೆಯೋಕೆ ಯಂತ್ರ ಇದೆ."

ಚೆಲ್ಲಿತು. ಎದೆ, ಹೊದಿಕೆ, ನೆಲ, ದೊಡ್ಡಕ್ಕನ ಚಪ್ಪಲಿ. ಮೂರು ತುತ್ತು ಒಳಗೆ ಹೋಯಿತು. ಆಮೇಲೆ ಕಂಬಿ ಇಳಿಸಿ, ಮಂಚದ ಅಂಚಿಗೆ ಕೂರಿಸಿ, ಕಾಲು ನೆಲಕ್ಕೆ ತಾಗಿಸಿ, "ಏಳಿ" ಎಂದಾಗ ಮುದುಕರ ಕಣ್ಣಲ್ಲಿ ನೀರು ಬಂತು.

"ನಿಂಗೆ ಕರುಣೆ ಇಲ್ವೇನಮ್ಮ?"

"ಇತ್ತು. ಅತಿಯಾಗೇ ಇತ್ತು. ಅದರಿಂದಲೇ ನಿಮಗೆ ಈ ಗತಿ ಬಂತು," ಎಂದು ದೊಡ್ಡಕ್ಕ ಮುಕ್ಕಾಲಿ ಎಳೆದು ಅವರೆದುರು ಕುಳಿತಳು. "ನಿಮ್ಮ ಕಾಲು ತಿಂದವಳು ನಾನೇ, ಡ್ರೈವರ್ರೇ. ಕ್ಷಮಿಸಬೇಕು. ವಾಪಸ್ ತರೋ ಕೆಲಸ ಮಾತ್ರ ನಿಮ್ಮದು. ನನ್ನ ಹಾಗೇ ಉಸಿರು ಎಳೀರಿ. ಮೂಗಲ್ಲಿ ಒಳಗೆ... ಬಾಯಲ್ಲಿ ಹೊರಗೆ, ಉದ್ದಕ್ಕೆ. ಹೊರಗೆ ಬಿಡುವಾಗ ಏಳೋದು. ನೋವು ಬಂದಾಗ ಹೆದರಿ ಉಸಿರು ಕಟ್ಟಬೇಡಿ, ಅದರ ಮೇಲೇ ಸವಾರಿ ಮಾಡಿ."

"ಇದನ್ನ ನೀನು ಹೆಂಗಸರಿಗೆ ಹೇಳಿಕೊಡ್ತಿದ್ದೆ ತಾನೆ?"

"ಹೌದು. ಅವರ್ಯಾರೂ ನಿಮ್ಮಷ್ಟು ರಂಪ ಮಾಡಲಿಲ್ಲ."

ಡ್ರೈವರಿಗೆ ರೋಷ ಬಂತು. ಹತ್ತು ದಿನದಲ್ಲಿ ಮೊದಲ ಸಲ ಬಂದ ರೋಷ. ಉಸಿರೆಳೆದು, ಬಿಟ್ಟು, ಎದ್ದರು. ಐದು ಎಣಿಸುವಷ್ಟು ಹೊತ್ತು ಎಂಬತ್ತೆರಡು ವರ್ಷದ ಆ ಎತ್ತರದ ಆಳು ತಮ್ಮ ಕಾಲ ಮೇಲೆ ನಿಂತು, ಕಿಟಕಿಯಾಚೆ ಬೀದಿಯನ್ನೂ ಅದರಲ್ಲಿ ಹೋಗುವ ಬಸ್ಸನ್ನೂ ನೋಡಿದರು. ಆಮೇಲೆ ಧೊಪ್ಪನೆ ಕುಳಿತರು.

"ಬಸ್ಸು ಹತ್ತು ನಿಮಿಷ ತಡ," ಎಂದರು.

ಅಂದಿನಿಂದ ಹಲಗೆಯಲ್ಲಿ ತೂಕ ಬರೆಯುವುದು ನಿಂತಿತು, ಹೆಜ್ಜೆ ಬರೆದರು. ಎರಡು. ಐದು. ಐದೇ. ಒಂಬತ್ತು. ಮರದ ಕಂಬಿಗೆ ಬಲಗೈ, ಊರುಗೋಲಿಗೆ ಎಡಗೈ. ಮುಂದೆ ದೊಡ್ಡಕ್ಕ ಹಿಮ್ಮುಖವಾಗಿ ನಡೆಯುವಳು, ಹಿಂದೆ ಚಿಕ್ಕಕ್ಕ ಗಾಲಿಕುರ್ಚಿ ತಳ್ಳಿಕೊಂಡು ಬರುವಳು. ಇದನ್ನು ಮಂಚಗಳಿಂದ ನೋಡುತ್ತಿದ್ದ ಉಳಿದವರಿಗೂ ಎದ್ದು ನಡೆಯುವ ಹುರುಪು ಬಂತು. ಮೂರನೆಯ ಮಂಚದಲ್ಲಿ ಒಬ್ಬ ಅಜ್ಜಿ, ವೃತ್ತಿಯಲ್ಲಿ ದರ್ಜಿಯಾಗಿದ್ದವರು, "ಆ ರೈಲು ಹೋಗೋಕೆ ಮೊದಲು ನನ್ನ ಹೊಲಿಗೆ ಯಂತ್ರ ಹೊರಡುತ್ತೆ, ಕಂಬಿ ಇಳಿಸ್ರೇ" ಎಂದು ಕೂಗಿದರು. ಐದನೆಯ ಮಂಚದ ಬಡಗಿ ತಾತ ತಮ್ಮ ಊರುಗೋಲು ಅರ್ಧ ಇಂಚು ಉದ್ದವಾಯಿತೆಂದು ತಕರಾರು ತೆಗೆದು, ಅದನ್ನು ಕೊಯ್ಯಲು ಗರಗಸ ತರಿಸಿಕೊಂಡರು. ವಾರದ ಕೊನೆಗೆ ಬಂದ ವ್ಯಾಯಾಮದ ಮೇಷ್ಟ್ರು ಬಾಗಿಲಲ್ಲೇ ನಿಂತು, ತಾನು ಬೇರೆ ಆಸ್ಪತ್ರೆಗೆ ಬಂದೆನೋ ಎಂದು ಫಲಕ ನೋಡಿದರು. ಆಮೇಲೆ ಒಳಗೆ ಬಂದು ಮೆಟ್ಟಿಲಿನ ವಿದ್ಯೆ ಹೇಳಿಕೊಟ್ಟರು: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ದೊಡ್ಡಕ್ಕ ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಗೋಡೆಯ ಕಾಗದಕ್ಕೆ ಕಿವಿಗೊಡದಿದ್ದಕ್ಕೆ ತಪ್ಪೊಪ್ಪಿಕೊಂಡಳು.

ಇಪ್ಪತ್ತೆರಡನೆಯ ದಿನ, ನಾಲ್ಕನೆಯ ಮೆಟ್ಟಿಲಿಗೆ ಕಾಲಿಡುವಾಗ ಡ್ರೈವರ ಮಂಡಿ ಕುಸಿಯಿತು. ದೊಡ್ಡಕ್ಕ ತೋಳಿನ ಕೆಳಗೆ ಕೈ ಕೊಟ್ಟು, ಜಾರಿಸುತ್ತ ಮೆಟ್ಟಿಲ ಮೇಲೆ ಕೂರಿಸಿದಳು. ಪೆಟ್ಟಾಗಲಿಲ್ಲ. ಆದರೂ ಹೊದಿಕೆ, ಚಮಚ, ಬಿಸಿನೀರು, ಆ ಹಳೆಯ ಸುಖವೆಲ್ಲ ಅವಳನ್ನು ಕೈಬೀಸಿ ಕರೆಯಿತು.

"ಇವತ್ತಿಗೆ ಸಾಕು, ಡ್ರೈವರ್ರೇ. ಒಂದೆರಡು ದಿನ ಮಲಗಿ..."

"ಯಾಕೆ?" ಎಂದರು ಡ್ರೈವರು ಏದುಸಿರಿನ ನಡುವೆ. "ಸಿಗ್ನಲ್ ಸಿಗಲಿಲ್ಲ, ಗಾಡಿ ನಿಂತಿದೆ. ಹಳಿ ತಪ್ಪಿಲ್ಲ. ನೀನೇನು ಪ್ರಯಾಣಿಕರನ್ನೆಲ್ಲ ಇಳಿಸ್ತಾ ಇದೀಯಾ?"

ಅರ್ಧ ಗಂಟೆ ಬಿಟ್ಟು ಮತ್ತೆ ಹತ್ತಿದರು. ಐದು.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಪರೀಕ್ಷಕಿ ಬಂದಳು. ಕಪ್ಪು ಚೀಲ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಕೆಟ್ಟವಳೇನಲ್ಲ, ದಣಿದವಳು. ಆ ವಾರವೇ ಹದಿನಾಲ್ಕು ಮಂದಿಯನ್ನು ದೀರ್ಘಾವಧಿ ಕೇಂದ್ರಕ್ಕೆ ಬರೆದುಕೊಟ್ಟು ಬಂದವಳು. ಕಾಗದದ ಮೇಲೆ ಆ ಕೇಂದ್ರದ ಹೆಸರು ಮೊದಲೇ ಅಚ್ಚಾಗಿತ್ತು, ಬೇಡವಾದರೆ ಹೊಡೆದುಹಾಕಬೇಕಿತ್ತು.

"ಯಾರೂ ಮುಟ್ಟಬಾರದು," ಎಂದಳು. "ಶುರು ಮಾಡಿ."

ಡ್ರೈವರು ಕುರ್ಚಿಯಿಂದ ಎದ್ದರು. ಶೌಚಾಲಯಕ್ಕೆ ಹೋದರು, ಬಂದರು. ಮೊಗಸಾಲೆಯ ಉದ್ದಕ್ಕೂ ಹಿರಿಯರೆಲ್ಲ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು, ಮೆರವಣಿಗೆ ನೋಡುವವರಂತೆ.

ಒಂದನೆಯ ಮೆಟ್ಟಿಲು. ಎರಡು. ಮೂರು. ನಾಲ್ಕರಲ್ಲಿ ಒಂದು ಗಳಿಗೆ ತಡೆದು, ದಾಟಿದರು. ಐದು. ಆರರಲ್ಲಿ ನಿಂತುಬಿಟ್ಟರು. ಕಂಬಿ ಹಿಡಿದ ಕೈಯ ನರ ಉಬ್ಬಿತು, ಕಾಲು ಮೇಲೇಳಲಿಲ್ಲ. ಪರೀಕ್ಷಕಿ ಗಡಿಯಾರ ನೋಡಿದಳು, ಪೆನ್ನಿನ ಮುಚ್ಚಳ ತೆಗೆದಳು.

ಕೆಳಗೆ ನಿಂತ ದೊಡ್ಡಕ್ಕನ ಬಲಗೈ ತಾನೇ ತಾನಾಗಿ ಮುಂದೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಬದುಕಿಡೀ ಹಿಡಿದ ಕೈ ಅದು. ಬಿಡುವುದು ಎಷ್ಟು ಕಷ್ಟವೆಂದು ಅವಳಿಗೆ ಆ ಕ್ಷಣದಲ್ಲಿ ತಿಳಿದಷ್ಟು ಎಂದೂ ತಿಳಿದಿರಲಿಲ್ಲ. ಮುಟ್ಟುವಂತಿಲ್ಲ. ಉಸಿರಾಡಬಾರದೆಂದು ಮಾತ್ರ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅವಳು ಮೂಗಿನಿಂದ ಉಸಿರೆಳೆದಳು, ಗಟ್ಟಿಯಾಗಿ, ಕೇಳಿಸುವಂತೆ. ಬಾಯಿಂದ ಉದ್ದಕ್ಕೆ ಬಿಟ್ಟಳು. ಹಿಂದೆಯೇ ಚಿಕ್ಕಕ್ಕ. ಆಮೇಲೆ ದರ್ಜಿ ಅಜ್ಜಿ, ಬಡಗಿ ತಾತ. ಬರಬರುತ್ತ ಮೊಗಸಾಲೆಯೇ ಒಂದು ಎದೆಯಾಯಿತು. ಒಳಗೆ... ಹೊರಗೆ. ಬಾಗಿಲಲ್ಲಿ ನಿಂತ ಡಾಕ್ಟರೂ ಉಸಿರುಬಿಟ್ಟರು. ಹುಟ್ಟಿದಾಗ ಅಳದೆ ಸತಾಯಿಸಿದವರು, ಇಂದು ಎಲ್ಲರಿಗಿಂತ ಗಟ್ಟಿಯಾಗಿ.

ಡ್ರೈವರ ಬೆನ್ನು ನೆಟ್ಟಗಾಯಿತು. ಉಸಿರು ಬಿಟ್ಟರು, ಒಳ್ಳೆಯ ಕಾಲು ಮೇಲಕ್ಕೆ ಹೋಯಿತು. ಏಳು. ಎಂಟು. ಒಂಬತ್ತು.

ಮೇಲೆ ತಿರುಗಿ ನಿಂತು ಕೆಳಗಿದ್ದವರನ್ನೆಲ್ಲ ನೋಡಿದರು. ಯಾರಾದರೂ ಚಪ್ಪಾಳೆ ತಟ್ಟುವ ಮೊದಲೇ ಕೈ ಎತ್ತಿ ತಡೆದರು. "ಇನ್ನೂ ಇಳಿಯೋದಿದೆ. ಇಳಿಜಾರಲ್ಲೇ ಡ್ರೈವರ ಬಂಡವಾಳ ಗೊತ್ತಾಗೋದು."

ನೋವಿನ ಕಾಲು ಮುಂದಿಟ್ಟು, ಒಂದೊಂದಾಗಿ, ಅವಸರವಿಲ್ಲದೆ ಇಳಿದರು. ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಕಾಲಿಟ್ಟಾಗ ಎದ್ದ ಗದ್ದಲಕ್ಕೆ ಕೆಳಮಹಡಿಯವರು ಏನಾಯಿತೋ ಎಂದು ಓಡಿಬಂದರು. ದರ್ಜಿ ಅಜ್ಜಿ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು. ಪರೀಕ್ಷಕಿ ಅಚ್ಚಾಗಿದ್ದ ಹೆಸರಿನ ಮೇಲೆ ಉದ್ದಕ್ಕೆ ಗೆರೆ ಎಳೆದು "ಮನೆಗೆ" ಎಂದು ಬರೆದಳು. ಆ ಪದ ಬರೆದು ಬಹಳ ದಿನವಾಗಿತ್ತೋ ಏನೋ, ಬರೆದದ್ದನ್ನು ಒಂದು ಸಲ ಓದಿಕೊಂಡಳು. ಆಮೇಲೆ ದೊಡ್ಡಕ್ಕನ ಹತ್ತಿರ ಬಂದು, "ಆ ಉಸಿರಿನದು... ಬೇರೆ ಆಸ್ಪತ್ರೆಯವರಿಗೂ ಬಂದು ಹೇಳಿಕೊಡ್ತೀರಾ?" ಎಂದು ಕೇಳಿದಳು.

"ಬರ್ತೀನಿ," ಎಂದಳು ದೊಡ್ಡಕ್ಕ. "ಇವರನ್ನ ಮೊದಲು ಮನೆ ಮುಟ್ಟಿಸಿ ಬರ್ತೀನಿ."

ಮಧ್ಯಾಹ್ನ ಆಸ್ಪತ್ರೆಯ ವ್ಯಾನು ಡ್ರೈವರ ಮನೆಯ ಮುಂದೆ ನಿಂತಿತು. ಒಂಬತ್ತು ಮೆಟ್ಟಿಲು, ನಡುವೆ ತುಸು ಜಾಗ, ಮತ್ತೆ ಒಂಬತ್ತು. ನಡುವಿನ ಜಾಗದಲ್ಲಿ ಕಿಟಕಿಯ ಕಟ್ಟೆಗೆ ಒರಗಿ ಹತ್ತು ನಿಮಿಷ ಸುಧಾರಿಸಿಕೊಂಡರು. ದೊಡ್ಡಕ್ಕ ಎರಡು ಮೆಟ್ಟಿಲು ಹಿಂದೆ, ಕೈ ಕಟ್ಟಿಕೊಂಡು. ಹದಿನೆಂಟೂ ಮುಗಿದಾಗ ಅವರೇ ಬಾಗಿಲು ತಟ್ಟಿದರು.

"ಯಾರು?" ಎಂದಿತು ಒಳಗಿನ ದನಿ.

"ನಾನೇ."

ಒಳಗೆ ಕುರ್ಚಿ ಸರಿದ ಸದ್ದು.

"ಇರ್ರಿ, ಬಂದೆ. ಈ ಮಂಡಿ ಕೇಳಬೇಕಲ್ಲ. ಅಲ್ಲಿತನಕ ನಿಂತಿರೋಕೆ ಆಗುತ್ತಾ ನಿಮಗೆ?"

ಡ್ರೈವರು ದೊಡ್ಡಕ್ಕನ ಕಡೆ ಒಮ್ಮೆ ತಿರುಗಿ ನೋಡಿದರು. ಎದೆ ತುಂಬ ಉಸಿರೆಳೆದು, ಬಿಟ್ಟರು.

"ನಿಂತಿದೀನಿ ಕಣೇ," ಎಂದರು. "ನಿಧಾನವಾಗಿ ಬಾ."